ಕೊನೆಯ ಮದ್ದಿಗೆ ಬಂದ ಹೆಸರು

ನನ್ನ ಮಗಳ ಅಳು ನಿಂತದ್ದು ಯಾರಿಂದ ಎಂಬ ವ್ಯಾಜ್ಯ ಬೆಳ್ಳೂರಿನ ನಮ್ಮ ಬೀದಿಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ತಾನು ತೇಯ್ದು ಹಾಕಿದ ಬಜೆಯಿಂದಲೇ ಎಂದು ನಮ್ಮಜ್ಜಿ ಕಣ್ಣು ಮುಚ್ಚುವ ತನಕ ಹೇಳಿದಳು. ಎದುರು ಮನೆಯ ದೊಡ್ಡವ್ವ, ದೃಷ್ಟಿ ತೆಗೆದವಳು ತಾನು ಎಂದಳು. ಅಪ್ಪನದು ಚುಂಚನಗಿರಿ ಕಾಲಭೈರವನ ಕಪ್ಪು ದಾರ. ಹಿಂದಿನ ಬೀದಿಯ ಬೂಬಮ್ಮನದು ಮಸೀದಿ ಬಾಗಿಲಲ್ಲಿ ಊದಿಸಿಕೊಂಡು ಬಂದ ಉಸಿರು. ಮಗುವಿಗೆ ನೀರು ಹಾಕಲು ಬರುತ್ತಿದ್ದ ಮುದುಕಿ ಮಾತೇ ಆಡದೆ ತನ್ನ ಎರಡೂ ಅಂಗೈ ಮುಂದೆ ಚಾಚಿ ತೋರಿಸುತ್ತಿದ್ದಳು, ಹೊಟ್ಟೆ ನೀವಿದ್ದು ಇವೇ ಎಂದು. ಮೆಡಿಕಲ್ ಸ್ಟೋರಿನವನು ಮಾತ್ರ ವಾದಕ್ಕೆ ಬರಲಿಲ್ಲ. ಗ್ರೈಪ್ ವಾಟರ್ ಬಾಟಲಿಯ ದುಡ್ಡು ಅವನಿಗೆ ಆಗಲೇ ಸಂದಿತ್ತು.

ಅವಳು ಹುಟ್ಟಿದ್ದು 1998ರ ಆಷಾಢದಲ್ಲಿ. ಬಾಣಂತನಕ್ಕೆ ನಾನು ತವರಿಗೆ ಬಂದಿದ್ದೆ. ಗಂಡನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ರಜೆ ಸಿಕ್ಕಾಗ ಹಾಸನದ ಬಸ್ಸು ಹತ್ತಿ ಬೆಳ್ಳೂರು ಕ್ರಾಸಿನಲ್ಲಿ ಇಳಿದು ಬಂದು ಹೋಗುತ್ತಿದ್ದರು. ಮೊದಲ ಎರಡು ವಾರ ಅವಳಷ್ಟು ಸಾಧು ಕೂಸು ಬೀದಿಯಲ್ಲೇ ಇರಲಿಲ್ಲ. ಹಾಲು ಕುಡಿದರೆ ನಿದ್ದೆ, ಎದ್ದರೆ ಮತ್ತೆ ಹಾಲು. "ಪುಣ್ಯ ಮಾಡಿದ್ದೆ ಕಣವ್ವ, ಮಗ ಇರೋದೇ ಗೊತ್ತಾಗಾಕಿಲ್ಲ" ಎಂದು ಬಂದವರೆಲ್ಲ ಹೇಳಿ ಹೋದರು. ಹಾಗೆ ಹೇಳಿದವರು ಯಾರು ಯಾರು ಎಂಬುದನ್ನು ದೊಡ್ಡವ್ವ ನೆನಪಿಟ್ಟುಕೊಂಡಿದ್ದು ಆಮೇಲೆ ಉಪಯೋಗಕ್ಕೆ ಬಂತು.

ಮೂರನೇ ವಾರ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮುಖ ಕೆಂಪೇರುವುದು, ಮಂಡಿಗಳು ಹೊಟ್ಟೆಗೆ ಬರುವುದು, ಮುಷ್ಟಿ ಬಿಗಿಯುವುದು, ಬೆನ್ನು ಬಿಲ್ಲಾಗುವುದು, ಆಮೇಲೆ ಆ ಕೂಗು. ಹಸಿವಿನ ಅಳು ನನಗೆ ಅಷ್ಟರಲ್ಲಿ ಪರಿಚಯವಾಗಿತ್ತು. ಅದು ನಿಂತು ನಿಂತು ಬರುತ್ತದೆ, ಹಾಲು ಕೊಟ್ಟರೆ ಮುಗಿಯುತ್ತದೆ. ಇದು ಹಾಗಲ್ಲ. ಎದೆಗೆ ಹಚ್ಚಿದರೆ ತಲೆ ತಿರುಗಿಸಿಬಿಡುವಳು. ಎತ್ತಿದರೂ ಅಷ್ಟೆ, ಮಲಗಿಸಿದರೂ ಅಷ್ಟೆ. ರಾತ್ರಿ ಒಂಬತ್ತೂವರೆ, ಹತ್ತರ ತನಕ ಎಳೆದು, ಯಾರೋ ಗುಂಡಿ ಒತ್ತಿದ ಹಾಗೆ ಥಟ್ಟನೆ ನಿಂತು, ಮಗು ನಿದ್ದೆ ಹೋಗುತ್ತಿತ್ತು. ನಮಗೆ ಮಾತ್ರ ಆಮೇಲೂ ನಿದ್ದೆ ಬರುತ್ತಿರಲಿಲ್ಲ, ಕಿವಿಯಲ್ಲಿ ಅದೇ ಕೂಗು.

ಆದಿಚುಂಚನಗಿರಿ ಬೆಟ್ಟ ನಮ್ಮೂರಿಗೆ ಹತ್ತಿರ. 1981ರಲ್ಲಿ ಅದನ್ನು ನವಿಲುಧಾಮ ಮಾಡಿದರು. ಮಳೆಗಾಲದ ಸಂಜೆ ತೋಟದ ಕಡೆ ಹೋದರೆ ನವಿಲಿನ ಕೂಗು ಕೇಳದೆ ಇರುವುದಿಲ್ಲ. ಹಕ್ಕಿ ಎಷ್ಟು ಚೆಂದವೋ ಗಂಟಲು ಅಷ್ಟೇ ಕರ್ಕಶ. ಬೀದಿ ಹುಡುಗರು ನನ್ನ ಮಗಳಿಗೆ ನಾಮಕರಣಕ್ಕಿಂತ ಮುಂಚೆಯೇ ಚುಂಚನಗಿರಿ ನವಿಲು ಎಂದು ಹೆಸರಿಟ್ಟರು. ಆಡಿಕೊಂಡರು ಎಂದು ಅವ್ವ ಬೇಜಾರಾದಳು. ನನಗೇನೋ ಆ ಹೆಸರು ಸರಿಯಾಗೇ ಇದೆ ಅನ್ನಿಸಿತ್ತು.

ಮೊದಲ ಸರದಿ ಅಜ್ಜಿಯದು. ಅವಳ ತೇಯುವ ಕಲ್ಲು ಅವಳ ಅತ್ತೆಯ ಕಾಲದ್ದು, ನಡುವೆ ಸವೆದು ತಗ್ಗಾಗಿತ್ತು. ಬಜೆಯ ಬೇರನ್ನು ದೀಪದ ಕುಡಿಯಲ್ಲಿ ಸುಟ್ಟು, ಎದೆಹಾಲಿನ ಎರಡು ಹನಿ ಬಿಟ್ಟು ತೇಯುವಳು. ಅದರ ಜೊತೆಗೆ ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ. ಒಂದೊಂದಕ್ಕೂ ಇಂತಿಷ್ಟು ಸುತ್ತು ಎಂಬ ಲೆಕ್ಕ. ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಮೊದಲಿಂದ. ಕೂಸು ಅತ್ತು ಅತ್ತು ನೀಲಿಯಾಗುತ್ತಿದ್ದರೂ ಅಜ್ಜಿಗೆ ಅವಸರವಿಲ್ಲ. "ಸುಮ್ಕಿರವ್ವ. ಮಗ ಅತ್ರೆ ಅತ್ಕತದೆ, ನೀನ್ಯಾಕ್ ಅಳ್ತಿಯೆ" ಎನ್ನುವಳು. ಅಷ್ಟೂ ಹೊತ್ತು ಮಗು ಅವಳ ನೀಡಿದ ಕಾಲಿನ ಮೇಲೆ ಇರುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನ ಉಂಡು ಬರುತ್ತಿದ್ದೆ. ಈ ಎರಡನೆಯ ಸಂಗತಿಯನ್ನು ಆಗ ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಗ್ರೈಪ್ ವಾಟರ್ ತಂದವರು ನನ್ನ ಗಂಡ. ಟೀವಿ ಜಾಹೀರಾತಿನಲ್ಲಿ ಅಜ್ಜಿ, ಅವಳಜ್ಜಿ ಎಲ್ಲರೂ ಅದನ್ನೇ ಕುಡಿದು ಬೆಳೆದವರಲ್ಲವೇ! ಅದರ ಕಥೆಯನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ತಯಾರಿಸಿದ ನೀರು ಅದು. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ಜೊತೆಗೆ ಒಂದಿಷ್ಟು ಮದ್ಯಸಾರ. ಮದ್ಯಸಾರವನ್ನು ಬ್ರಿಟನ್ನಿನಲ್ಲಿ ತೆಗೆದದ್ದು 1990ರ ದಶಕದಲ್ಲಿ. ಅಷ್ಟು ವರ್ಷ ಆ ದೇಶದ ಕೂಸುಗಳು ಸುಮ್ಮನಾದದ್ದು ಸಬ್ಬಸಿಗೆಯಿಂದಲೋ ಇನ್ನೊಂದರಿಂದಲೋ ಎಂದು ಕೇಳಿದರೆ ತಪ್ಪಾಗಲಾರದು. ತಮಾಷೆಯೆಂದರೆ ಅದೇ ಸಬ್ಬಸಿಗೆ ಸೊಪ್ಪನ್ನು ಹಾಲು ಹೆಚ್ಚಲಿ ಎಂದು ಅವ್ವ ನನಗೆ ದಿನ ಬಿಟ್ಟು ದಿನ ಹಾಕುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ತಾಯಿ ಮಗಳಿಬ್ಬರೂ ಸಬ್ಬಸಿಗೆಯ ಮೇಲೆಯೇ ಇದ್ದೆವು. ಅಳು ಮಾತ್ರ ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಗುತ್ತಿತ್ತು.

ದೊಡ್ಡವ್ವ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಬಂದು ನೀವಳಿಸುವಳು. ಊರವರ ಕಣ್ಣು, ಕೇರಿಯವರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು ಎಂದು ಸಾಮಾನ್ಯವಾಗಿ ಹೇಳಿ ಮುಗಿಸುವವಳು, ನಮ್ಮನೆಯಲ್ಲಿ ಮಾತ್ರ ಆ ಮೊದಲ ಎರಡು ವಾರ ಹೊಗಳಿ ಹೋದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದಳು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರದಿದ್ದರೆ "ನೋಡ್ದಾ, ಎಷ್ಟು ದೃಷ್ಟಿ ಆಗದೆ" ಎನ್ನುವಳು. ಬಂದರೆ ನಮ್ಮೆಲ್ಲರಿಗೂ ಕೆಮ್ಮು. ಮಗುವನ್ನು ಆಗ ಜಗಲಿಗೆ ಎತ್ತಿಕೊಂಡು ಹೋಗಬೇಕಾಗುತ್ತಿತ್ತು. ಹೊರಗಿನ ತಂಗಾಳಿಗೆ ಅದು ಒಂದು ಗಳಿಗೆ ಬಾಯಿ ಮುಚ್ಚುತ್ತಿತ್ತು. ದೊಡ್ಡವ್ವನ ಕೀರ್ತಿಗೆ ಅಷ್ಟು ಸಾಕು.

ಬೂಬಮ್ಮ ತಾನಾಗಿ ಕೇಳಿ ಕರೆದುಕೊಂಡು ಹೋದಳು. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಮಸೀದಿ ಬಾಗಿಲ ಹೊರಗೆ ಕೂಸುಗಳನ್ನು ಎತ್ತಿಕೊಂಡ ಹೆಂಗಸರು ಸಾಲಾಗಿ ನಿಲ್ಲುವುದು ನಮ್ಮ ಕಡೆಯ ಊರುಗಳಲ್ಲಿ ಹೊಸದಲ್ಲ. ಸಾಲಿನಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಹೊರಗೆ ಬರುವವರು ಒಬ್ಬೊಬ್ಬರಾಗಿ ಮಗುವಿನ ಮುಖದ ಮೇಲೆ ಮೆಲ್ಲಗೆ ಊದಿ ಹೋಗುತ್ತಾರೆ. ನಾನಿನ್ನೂ ಬಾಣಂತಿ, ಹೊಸಿಲು ದಾಟುವಂತಿರಲಿಲ್ಲ. ಆದ್ದರಿಂದ ಅವಳೇ ಎತ್ತಿಕೊಂಡು ಹೋಗಿ ಬರುತ್ತಿದ್ದಳು. ಮುಖಕ್ಕೆ ಉಸಿರು ತಾಕಿದಾಗ ಎಳೆಗೂಸು ಬೆಚ್ಚಿ ಅಳು ಮರೆತು ಕಣ್ಣು ಪಿಳಿಪಿಳಿ ಮಾಡುತ್ತದೆ. ಸಾಲು ಉದ್ದವಿದ್ದಷ್ಟೂ ಲಾಭ ಎಂದು ಬೂಬಮ್ಮನೇ ನಗುತ್ತಿದ್ದಳು.

ಆದರೆ ನಿಜವಾದ ಶೋಧನೆ ಅಪ್ಪನದು, ಅದೂ ಆಕಸ್ಮಿಕ. ಒಂದು ಸಂಜೆ ಅವ್ವನಿಗೆ ಜ್ವರ. ಅಪ್ಪ ರಾಗಿ ಬೀಸಿಸಲು ಹೊರಟವರು ಚೀಲವನ್ನು ಒಂದು ಕೈಯಲ್ಲಿ, ಕೂಗುವ ಮೊಮ್ಮಗಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಬೀದಿ ಕೊನೆಯ ಮಿಲ್ಲಿಗೆ ಹೋದರು. ಬೆಲ್ಟು ತಿರುಗಿ ಕಲ್ಲು ಗರಗರ ಎನ್ನುತ್ತಲೇ ಅಳು ನಿಂತಿತು. ಮಗು ಬಾಯಿ ತೆರೆದುಕೊಂಡೇ ನಿದ್ದೆ ಹೋಯಿತು. ಅಪ್ಪ ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರಂತೆ.

ಮಾರನೆಯ ದಿನದಿಂದ ಅವರಿಗೆ ಅದೇ ಕೆಲಸ. ಸಂಜೆಯಾದರೆ ಒಂದು ಸೇರು ರಾಗಿ ಕೈಚೀಲಕ್ಕೆ ಸುರಿದುಕೊಂಡು ಹೊರಡುವರು. ಬರಿಗೈಯಲ್ಲಿ ಮಿಲ್ಲಿನ ಮುಂದೆ ನಿಲ್ಲಲು ಅವರಿಗೆ ನಾಚಿಕೆ. ಹಿಟ್ಟಿನ ಧೂಳು ಕೂಸಿಗಾಗದು ಎಂದು ಒಳಗೆ ಹೋಗದೆ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲುವರು. ಮಿಲ್ಲಿನವನು ಒಂದು ಸ್ಟೂಲು ಹಾಕಿಸಿದ. ಹದಿನೈದು ದಿನದಲ್ಲಿ ಮನೆಯ ಡಬ್ಬಗಳೆಲ್ಲ ತುಂಬಿದವು. "ಹಿಟ್ಟು ಹುಳ ಬೀಳ್ತಾ ಅದೆ, ಇನ್ನೂ ಬೀಸುಸ್ತೀರಲ್ಲ" ಎಂದು ಅವ್ವ ರೇಗಿದಳು. ಹೆಚ್ಚಾದ ಹಿಟ್ಟು ನಾಗಮಂಗಲದ ಚಿಕ್ಕವ್ವನ ಮನೆಗೂ ಹೋಯಿತು. ಆ ಕಾಲದ ಕರೆಂಟಿನ ಹಣೆಬರಹ ಗೊತ್ತಿದ್ದದ್ದೇ. ಮಿಲ್ಲು ನಿಂತು ಬೀದಿಯೆಲ್ಲ ಗಪ್‌ಚಿಪ್ಪಾದ ಕ್ಷಣಕ್ಕೇ ಮಗು ಎದ್ದು ಕೂಗಿಕೊಳ್ಳುತ್ತಿತ್ತು. "ಕರೆಂಟು ಹೋಗಿದ್ಕೆ ನಮ್ಗಿಂತ ನಿಮ್ ಮೊಮ್ಮಗಳಿಗೇ ಜಾಸ್ತಿ ಸಿಟ್ಟು ಕಣಣ್ಣ" ಎಂದು ಮಿಲ್ಲಿನವನು ಹೇಳುತ್ತಿದ್ದನಂತೆ. ಆ ವರ್ಷದ ಗಣಪತಿ ಹಬ್ಬದಲ್ಲಿ ಪೆಂಡಾಲಿನ ಮೈಕು ನಮ್ಮ ಮನೆಯ ಕಡೆಗೇ ಮುಖ ಮಾಡಿತ್ತು. ಬೀದಿಯವರೆಲ್ಲ ಶಪಿಸುತ್ತಿದ್ದಾಗ ನಾವೊಬ್ಬರೇ ಗಣಪತಿ ಬೇಗ ಹೊರಡದಿರಲಿ ಎಂದುಕೊಂಡವರು.

ತಾಯಿಯ ಗರ್ಭ ನಿಶ್ಶಬ್ದದ ಜಾಗವಲ್ಲ. ಅವಳ ರಕ್ತ ಹರಿಯುವ, ಎದೆ ಬಡಿಯುವ, ಹೊಟ್ಟೆ ಗುಡುಗುಡಿಸುವ ಸದ್ದಿನಲ್ಲೇ ಕೂಸು ಒಂಬತ್ತು ತಿಂಗಳು ಇದ್ದು ಬಂದಿರುತ್ತದೆ. ಏರಿಳಿತವಿಲ್ಲದ ಒಂದೇ ಮೊರೆತ ಅದನ್ನು ಸಮಾಧಾನ ಮಾಡುವುದಕ್ಕೆ ಇದೇ ಕಾರಣ ಎನ್ನುತ್ತಾರೆ. ಈಗಿನ ತಾಯಂದಿರು ಮೊಬೈಲಿನಲ್ಲಿ ಮಳೆಯ ಸದ್ದು, ಫ್ಯಾನಿನ ಸದ್ದು ಹಾಕಿ ತೊಟ್ಟಿಲಿಂದ ದೂರದಲ್ಲಿಡುತ್ತಾರೆ. ನಮ್ಮಪ್ಪ ಅದನ್ನು ರಾಗಿ ಕೊಟ್ಟು ಕೊಂಡರು.

ಜನಪದ ತ್ರಿಪದಿಗಳಲ್ಲಿ ಅಳುವ ಕೂಸಿನ ಚೆಲುವನ್ನು ಬಣ್ಣಿಸಿದ್ದಾರೆ. 1931ರಲ್ಲಿ ಹಲಸಂಗಿ ಗೆಳೆಯರು ತಂದ 'ಗರತಿಯ ಹಾಡು' ಸಂಕಲನದಲ್ಲಿ ಕೂಸಿನ ಮೇಲೆ ಎಷ್ಟೊಂದು ಪದಗಳಿವೆ. ಆ ಪದ ಕಟ್ಟಿದ ಹೆಂಗಸು ಅದನ್ನು ಕೂಸು ಮಲಗಿದ ಮೇಲೆ ಕಟ್ಟಿರಬೇಕು ಎಂದು ನನಗೆ ಅನುಮಾನ. ಅಳು ನಡೆಯುತ್ತಿರುವಾಗ ಬರುವುದು ಬೇರೆಯೇ ಮಾತುಗಳು, ಅವು ಯಾವ ಸಂಕಲನಕ್ಕೂ ಸೇರುವಂಥವಲ್ಲ. ಒಂದು ರಾತ್ರಿ ನನಗೆ ಬಂದದ್ದು ಮಾತೂ ಅಲ್ಲ. ತೋಳು ಬಿಗಿಯಾಯಿತು, ಹಲ್ಲು ಕಚ್ಚಿಕೊಂಡೆ. ಅಷ್ಟೇ. ಬಾಗಿಲಲ್ಲಿದ್ದ ಅವ್ವ ನನ್ನ ಮುಖ ನೋಡಿದಳು. ಏನೂ ಕೇಳದೆ ಬಂದು ಮಗುವನ್ನು ಕೈಯಿಂದ ಬಿಡಿಸಿಕೊಂಡು, "ಹೋಗು, ಹಿತ್ತಲಲ್ಲಿ ಹಸ ಏನ್ ಮಾಡ್ತಾ ಅದೆ ನೋಡ್ಕೊಂಡ್ ಬಾ" ಎಂದಳು. ಹಸು ಮೆಲುಕು ಹಾಕುತ್ತಿತ್ತು. ಅದನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಬಂದಾಗಲೂ ಅವ್ವ ಆ ಬಗ್ಗೆ ಮಾತಾಡಲಿಲ್ಲ. ಆಮೇಲಿನ ದಿನಗಳಲ್ಲಿ ಅವ್ವನಿಗೆ ಹಸುವಿನ ಯೋಗಕ್ಷೇಮದ ಚಿಂತೆ ಪದೇ ಪದೇ ಹತ್ತುತ್ತಿತ್ತು.

ಅವ್ವ ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂದು ಬಿ.ಜಿ. ನಗರದ ಆಸ್ಪತ್ರೆಯ ಮಕ್ಕಳ ಡಾಕ್ಟರರ ಮಾತಿನಿಂದ ತಿಳಿಯಿತು. ಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿಯವರು 1986ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರುಮಾಡಿದ ಮೇಲೆ ನಮಗೆ ದೊಡ್ಡಾಸ್ಪತ್ರೆ ಕೈಗೆಟುಕುವ ಹಾಗಾಯಿತು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಯಾರಿಗಾದರೂ ಹೆಚ್ಚಾದರೆ ಮೈಸೂರಿಗೆ ಓಡುತ್ತಿದ್ದರು. ಡಾಕ್ಟರು ಮಗುವಿನ ತೂಕ ನೋಡಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಗಂಡುಮಕ್ಕಳಾದರೆ ಹರ್ನಿಯಾ ಇದೆಯೇ ಎಂದೂ ನೋಡಬೇಕಾಗುತ್ತದೆ ಎಂದರು. ಜ್ವರ, ವಾಂತಿ, ಮಲದಲ್ಲಿ ರಕ್ತ, ಹಾಲು ಕುಡಿಯದಿರುವುದು, ತೂಕ ಏರದಿರುವುದು ಇವ್ಯಾವೂ ಇಲ್ಲ. ಹಾಗಾದರೆ ರೋಗವಿಲ್ಲ, ಕಾಯಬೇಕು ಎಂದರು. ಆಮೇಲೆ ನನ್ನೊಬ್ಬಳ ಕಡೆ ತಿರುಗಿ, "ಸಿಟ್ಟು ಬಂದರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹೊರಗೆ ಹೋಗಿಬಿಡಿ. ಐದು ನಿಮಿಷ ಅತ್ತರೆ ಮಗುವಿಗೆ ಏನೂ ಆಗೋದಿಲ್ಲ. ಹಿಡಿದು ಅಲ್ಲಾಡಿಸಿದರೆ ಆಗುತ್ತೆ" ಎಂದರು. ಎಳೆಗೂಸಿನ ಕುತ್ತಿಗೆಗೆ ತಲೆಯ ಭಾರ ತಡೆಯುವ ಶಕ್ತಿ ಇರುವುದಿಲ್ಲ. ಜೋರಾಗಿ ಅಲ್ಲಾಡಿಸಿದರೆ ಮಿದುಳಿನ ಸುತ್ತ ರಕ್ತ ಸೋರಬಹುದು, ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅಮೆರಿಕದ ಜಾನ್ ಕ್ಯಾಫಿ ಎಂಬ ವೈದ್ಯರು ಈ ಬಗ್ಗೆ 1970ರ ದಶಕದಲ್ಲೇ ಎಚ್ಚರಿಸಿ ಬರೆದಿದ್ದರು. ಹಾಗೆ ಅಲ್ಲಾಡಿಸುವವರು ಕಟುಕರೇ ಆಗಬೇಕಿಲ್ಲ. ರಾತ್ರಿಗಟ್ಟಲೆ ನಿದ್ದೆಯಿಲ್ಲದ ಯಾರ ಕೈಯಾದರೂ ಆಗಬಹುದು.

ನಡುವೆ ಒಂದು ಅಮಾವಾಸ್ಯೆಗೆ ಅಪ್ಪ ಬೆಟ್ಟಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬಂದರು. ಅಮಾವಾಸ್ಯೆಯ ದಿನ ಅಲ್ಲಿ ಜನವೋ ಜನ. ದಾರ ಕಟ್ಟಿದ ರಾತ್ರಿ ಮಗು ಎಂದಿಗಿಂತ ಜಾಸ್ತಿ ಕೂಗಿತು. "ಬಿಟ್ಟೋಗೋ ಮುಂಚೆ ಹಂಗೇ ಆಡೋದು" ಎಂದು ಅಪ್ಪ ಭೈರವನ ಪರ ವಕಾಲತ್ತು ವಹಿಸಿದರು.

ಆಯುಧಪೂಜೆ ಕಳೆದ ಮೇಲೆ ಕೂಗು ತಾನಾಗಿ ಸಣ್ಣಗಾಯಿತು. ಎರಡು ಗಂಟೆ ಇದ್ದದ್ದು ಒಂದಕ್ಕೆ ಬಂತು. ನಡುನಡುವೆ ನಗು ಸೇರಿಕೊಂಡಿತು. ದೀಪಾವಳಿಗೆ ನೀರು ತುಂಬುವ ಹೊತ್ತಿಗೆ ಸಂಜೆಯ ಅಳುವೇ ಇರಲಿಲ್ಲ. ಆ ಹದಿನೈದು ದಿನಗಳಲ್ಲಿ ಬಜೆಯೂ ನಡೆಯುತ್ತಿತ್ತು, ದೃಷ್ಟಿಯೂ ನಡೆಯುತ್ತಿತ್ತು, ದಾರ ಕೈಯಲ್ಲೇ ಇತ್ತು, ಊದಿಸುವುದೂ ನಿಂತಿರಲಿಲ್ಲ. ಯಾರಿಗೆ ಹೆಸರು ಕೊಡುವುದು?

ಬೆಂಗಳೂರಿಗೆ ಹೋಗಿ ಮಗಳು ಸ್ಕೂಲಿಗೆ ಸೇರಿದ ಮೇಲೆ ನಾನು ಬಿ.ಎಡ್. ಓದಲು ಕೂತೆ. ಮಕ್ಕಳ ಮನಶ್ಶಾಸ್ತ್ರದ ಪುಸ್ತಕ ಹುಡುಕುತ್ತ ಹೋಗಿ ಈ ಅಳುವಿನ ಲೆಕ್ಕ ಹಿಡಿದವರ ಬರಹಗಳೂ ಸಿಕ್ಕವು. ದಿನಕ್ಕೆ ಮೂರು ಗಂಟೆಗೆ ಮೀರಿ, ವಾರದಲ್ಲಿ ಮೂರು ದಿನಕ್ಕೆ ಮೀರಿ, ಮೂರು ವಾರಕ್ಕೆ ಮೀರಿ, ಬೇರೆ ಕಾಯಿಲೆಯಿಲ್ಲದೆ ಅತ್ತರೆ ಅದು ಇಂಥ ಅಳು ಎಂದು ಮಾರಿಸ್ ವೆಸೆಲ್ ಎಂಬ ಅಮೆರಿಕದ ಮಕ್ಕಳ ವೈದ್ಯರು 1954ರಲ್ಲಿ ಗೆರೆ ಎಳೆದರು. 1962ರಲ್ಲಿ ಬೆರಿ ಬ್ರೇಜಲ್ಟನ್ 80 ಮಕ್ಕಳ ತಾಯಂದಿರ ಕೈಯಲ್ಲಿ ದಿನಚರಿ ಬರೆಸಿದರು. ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂ ಮುಕ್ಕಾಲು ಗಂಟೆ ಇದ್ದ ಅಳು ಆರನೇ ವಾರಕ್ಕೆ ಎರಡೂ ಮುಕ್ಕಾಲು ಗಂಟೆಗೆ ಏರಿ, ಅಲ್ಲಿಂದ ಇಳಿಯುತ್ತ ಹೋಯಿತು. ಇವು ಏನೂ ತೊಂದರೆಯಿಲ್ಲದ ಸಾಧಾರಣ ಮಕ್ಕಳು! ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಆ ಶಿಖರ ಹುಟ್ಟಿದ ದಿನದಿಂದ ಅಲ್ಲ, ಹುಟ್ಟಬೇಕಿದ್ದ ದಿನದಿಂದ ಆರು ವಾರಕ್ಕೆ ಬರುತ್ತದೆ. ಅಂದರೆ ಅದು ಹೊಟ್ಟೆನೋವಿಗಿಂತ ಹೆಚ್ಚಾಗಿ ಮಿದುಳು ಬಲಿಯುವ ದಾರಿಯ ಒಂದು ಗಳಿಗೆ ಇರಬೇಕು. ಕಲಹಾರಿ ಮರುಭೂಮಿಯ ಕುಂಗ್ ಸಾನ್ ಜನ ಕೂಸನ್ನು ಹಗಲಿಡೀ ಮೈಗೆ ಕಟ್ಟಿಕೊಂಡೇ ಇರುತ್ತಾರೆ, ಕೇಳಿದಾಗಲೆಲ್ಲ ಮೊಲೆ ಕೊಡುತ್ತಾರೆ. ಅವರ ಮಕ್ಕಳೂ ಅಷ್ಟೇ ಸಲ ಅಳುತ್ತವೆ, ಆದರೆ ಪ್ರತಿ ಸಲವೂ ಬೇಗ ಮುಗಿಸುತ್ತವೆ ಎಂದು ರೊನಾಲ್ಡ್ ಬಾರ್ ಮತ್ತು ಅವರ ಜೊತೆಗಾರರು 1991ರಲ್ಲಿ ಬರೆದರು. ಅದಕ್ಕೆ ಮುಂಚೆ, 1986ರಲ್ಲಿ, ಮಾಂಟ್ರಿಯಲ್‌ನಲ್ಲಿ ಕೆಲವು ತಾಯಂದಿರಿಗೆ ದಿನಕ್ಕೆ ಕಡೇಪಕ್ಷ ಮೂರು ಗಂಟೆಯಾದರೂ ಎತ್ತಿಕೊಳ್ಳಿ ಎಂದು ಹೇಳಿ ನೋಡಿದ್ದರು. ಆರನೇ ವಾರಕ್ಕೆ ಅವರ ಮಕ್ಕಳ ಅಳು ಉಳಿದವರಿಗಿಂತ ಶೇ. 43ರಷ್ಟು ಕಡಿಮೆ. ಆದರೆ ಆಗಲೇ ರಚ್ಚೆ ಹಿಡಿದು ಕೂತ ಮಕ್ಕಳ ಮೇಲೆ ಅದೇ ಪ್ರಯೋಗ ಮಾಡಿದಾಗ ಫಲ ಕಾಣಲಿಲ್ಲ.

ಇದನ್ನು ಓದಿ ನನಗೆ ನಗು ಬಂತು. ಆರು ವಾರಕ್ಕೆ ಏರಿ ಮೂರು ನಾಲ್ಕು ತಿಂಗಳಿಗೆ ಇಳಿಯುವ ಅಳುವಿಗೆ ಇಳಿಯುವಾಗ ಯಾರು ಕೈಯಿಟ್ಟಿರುತ್ತಾರೋ ಅವರಿಗೆ ಹೆಸರು. ಏರುವಾಗ ಕೈಯಿಟ್ಟವರ ಮದ್ದು ನಾಟಲಿಲ್ಲ. ಅಜ್ಜಿಯ ಕಲ್ಲು, ದೊಡ್ಡವ್ವನ ಮೆಣಸಿನಕಾಯಿ, ಬೂಬಮ್ಮನ ಸಾಲು, ಅಪ್ಪನ ರಾಗಿ, ಇವುಗಳಲ್ಲಿ ಯಾವುದೂ ಅಳುವನ್ನು ಒಂದು ವಾರ ಮುಂಚೆ ನಿಲ್ಲಿಸಿದ್ದಿಲ್ಲ. ಆದರೆ ಒಂದೊಂದಕ್ಕೂ ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅಷ್ಟು ಹೊತ್ತು ಮಗು ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಸಂಜೆ ಆರರಿಂದ ಹತ್ತರ ತನಕದ ದಾರಿಯನ್ನು ಅವರೆಲ್ಲ ಸೇರಿ ತುಂಡು ತುಂಡು ಮಾಡಿ ಹಂಚಿಕೊಂಡಿದ್ದರು, ತಾವು ಹಂಚಿಕೊಳ್ಳುತ್ತಿದ್ದೇವೆ ಎಂಬ ಅರಿವಿಲ್ಲದೆ. ಮದ್ದು ಕುಡಿದದ್ದು ಅವಳು, ಗುಣವಾದದ್ದು ನನಗೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ಹೇಳುವ ಪೈಕಿ ನಾನಲ್ಲ. ಅಳುವ ಕೂಸಿನ ಹೊಟ್ಟೆಗೆ ಬರೆ ಹಾಕುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಹಾಗೆ ಬೆಂದ ಮಕ್ಕಳು ಆಸ್ಪತ್ರೆ ಸೇರುತ್ತವೆ. ಹಿಂದೆ ಕೂಸು ಮಲಗಲಿ ಎಂದು ಅಫೀಮು ನೆಕ್ಕಿಸುತ್ತಿದ್ದ ಮನೆಗಳೂ ಇದ್ದವು. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಜೆಯನ್ನು ಜೇನಿನಲ್ಲಿ ಕಲಸಿ ಕೊಡುವವರಿದ್ದಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ವಿಷ ಮಾಡುತ್ತದೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಿದೆ. ನೀರೂ ಬೇಡ.

ಬೆಂಗಳೂರಿಗೆ ಹೋದ ಮೇಲೆ ಅಳು ಹೋಗಿ ಕಿರುಚಾಟ ಬಂತು. ಒಂದೂವರೆ ವರ್ಷದ ಹುಡುಗಿಗೆ ಬೇಕಾದದ್ದು ಗೊತ್ತು, ಕೇಳಲು ಮಾತಿಲ್ಲ, ಇರುವುದೊಂದು ಗಂಟಲು. ಲಗ್ಗೆರೆಯ ಎರಡು ಕೋಣೆಯ ಬಾಡಿಗೆ ಮನೆ, ಗಂಡನಿಗೆ ರಾತ್ರಿ ಪಾಳಿ. ಗೋಡೆಯಾಚೆಯವರು ಮದ್ದು ಹಿಡಿದು ಬರುವವರಲ್ಲ, ಗೋಡೆಗೆ ಗುದ್ದುವವರು. ಬೆಳ್ಳೂರಿನಲ್ಲಿ ಎಲ್ಲರ ಸಮಾಚಾರವಾಗಿದ್ದ ಕೂಗು ಅಲ್ಲಿ ನನ್ನೊಬ್ಬಳ ಮರ್ಯಾದೆಯ ಪ್ರಶ್ನೆಯಾಯಿತು. ಡಾಕ್ಟರರ ಮಾತಿನಂತೆ ಎಷ್ಟೋ ಸಲ ಅವಳನ್ನು ಚಾಪೆಯ ಮೇಲೆ ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತಿದ್ದೇನೆ. ಹೇಳಿಕೊಳ್ಳಲು ಹಸುವೂ ಇರಲಿಲ್ಲ.

ಊರಿಗೆ ಹೋಗುವ ಬಸ್ಸಿನ ಪ್ರಯಾಣವೇ ಒಂದು ಅಧ್ಯಾಯ. ಆಗ ರೈಲಿರಲಿಲ್ಲ; ಕುಣಿಗಲ್ ಮೇಲೆ ಹಾಸನದ ರೈಲು ಓಡಿದ್ದು, ಬಿ.ಜಿ. ನಗರಕ್ಕೆ ಸ್ಟೇಷನ್ ಬಂದದ್ದು 2017ರಲ್ಲಿ. ಮೆಜೆಸ್ಟಿಕ್‌ನಿಂದ ಕ್ರಾಸಿಗೆ ನೂರು ಕಿಲೋಮೀಟರಿನ ಆಸುಪಾಸು, ನೆಲಮಂಗಲ ದಾಟುವಷ್ಟರಲ್ಲಿ ಇವಳ ಕಚೇರಿ ಶುರು. ಕಿಟಕಿ ತೋರಿಸಿ, ಬಿಸ್ಕತ್ತು ಕೊಡಿ, ಸ್ವೆಟರ್ ಬಿಚ್ಚಿ, ಸ್ವೆಟರ್ ಹಾಕಿ ಎಂದು ಬಸ್ಸಿಗೆ ಬಸ್ಸೇ ಹೇಳುತ್ತಿತ್ತು. ಒಮ್ಮೆ ಕಂಡಕ್ಟರು ತಡೆಯಲಾರದೆ ತಮ್ಮ ವಿಸಿಲ್ಲನ್ನೇ ಅವಳ ಕೈಗೆ ಕೊಟ್ಟರು. ಕಿರುಚಾಟ ಒಡನೆಯೇ ನಿಂತಿತು. ಅವಳು ಊದಿದಳು. ಡ್ರೈವರು ಬ್ರೇಕು ಹಾಕಿದರು. ಯಾರೂ ಇಳಿಯಲಿಲ್ಲ. ಎಡೆಯೂರು ತಲುಪುವಷ್ಟರಲ್ಲಿ ಬಸ್ಸು ಹೊಲದ ನಡುವೆ ಎಲ್ಲೆಲ್ಲೋ ನಿಂತಿತು, ಡ್ರೈವರಿಗೂ ಕಂಡಕ್ಟರಿಗೂ ಮಾತಿಗೆ ಮಾತಾಯಿತು. ವಿಸಿಲ್ ಕಿತ್ತುಕೊಂಡ ಮೇಲಿನ ಕೂಗನ್ನು ಬೆಳ್ಳೂರು ಕ್ರಾಸಿನವರೆಗೆ ಎಲ್ಲರೂ ಅನುಭವಿಸಿದರು.

ಗಾಬರಿಯಾದದ್ದು ಮಾತ್ರ 2000ದ ಬೇಸಿಗೆಯಲ್ಲಿ, ಜಾತ್ರೆಗೆ ಬಂದಿದ್ದಾಗ. ಬೆಂಡು ಬತ್ತಾಸಿನ ಪೊಟ್ಟಣ ಕೈಯಿಂದ ಕಸಿದರು ಎಂದು ಕಿರುಚಿದವಳು ಕಿರುಚುತ್ತಲೇ ಉಸಿರು ಹಿಡಿದಳು. ಹೊರಗೆ ಹೋದ ಉಸಿರು ಮತ್ತೆ ಒಳಗೆ ಬರಲಿಲ್ಲ. ತುಟಿ ನೀಲಿಯಾಗಿ, ಮೈ ಸೆಟೆದು, ಕಣ್ಣು ಮೇಲಾಗಿ ಕುಸಿದಳು. ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅಜ್ಜಿ ಸೊಂಟದ ಬೀಗದ ಕೈ ಗೊಂಚಲನ್ನೇ ಕಿತ್ತು ಅವಳ ಮುಷ್ಟಿಗೆ ತುರುಕಿದಳು. ಕಬ್ಬಿಣ ಹಿಡಿಸಿದರೆ ಬಿಡುತ್ತದೆ ಎಂಬ ನಂಬಿಕೆ. ನಿಮಿಷದೊಳಗೆ ಮಗು ಉಸಿರೆಳೆದು ಎದ್ದು ಕೂತು ಬತ್ತಾಸು ಕೇಳಿತು.

ಅದು ಫಿಟ್ಸ್ ಅಲ್ಲ, ಸಿಟ್ಟಿಗೋ ನೋವಿಗೋ ಅತ್ತು ಉಸಿರು ಕಟ್ಟುವುದು. ಆರು ತಿಂಗಳಿಂದ ಐದಾರು ವರ್ಷದ ತನಕ ಕೆಲವು ಮಕ್ಕಳಿಗೆ ಬರುತ್ತದೆ, ತಾನಾಗಿ ಬಿಡುತ್ತದೆ ಎಂದು ಡಾಕ್ಟರು ಹೇಳಿದರು. ಹಾಗಾದಾಗ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಅಲ್ಲಾಡಿಸಬೇಡಿ ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಹೀಗೆ ಉಸಿರು ಕಟ್ಟುವುದು ಜಾಸ್ತಿ, ಅದನ್ನು ಸರಿಮಾಡಿದರೆ ಕಡಿಮೆಯಾಗುತ್ತದೆ ಎಂದು ಕಬ್ಬಿಣದ ಸಿರಪ್ಪು ಬರೆದುಕೊಟ್ಟರು.

ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಅಜ್ಜಿ ಕೂತಲ್ಲೇ ನೆಟ್ಟಗಾದಳು. "ನಾನೇನ್ ಕೊಟ್ಟೆ? ಕಬ್ಣ. ಅವ್ರೇನ್ ಕೊಟ್ರು? ಕಬ್ಣ. ಇದ್ಕೆ ರಕ್ತ ಬೇರೆ ಇಸ್ಕಂಡವ್ರೆ." ಇದಕ್ಕೆ ನನ್ನ ಹತ್ತಿರ ಆಗಲೂ ಉತ್ತರವಿರಲಿಲ್ಲ. ಸಿರಪ್ಪು ಕೆಲವು ತಿಂಗಳು ನಡೆಯಿತು, ಉಸಿರು ಕಟ್ಟುವುದು ವಿರಳವಾಗಿ ನಿಂತೂಹೋಯಿತು. ಮಾತು ಬಂದ ಹಾಗೆ ಕಿರುಚಾಟ ಕಡಿಮೆಯಾಯಿತು. ಬೇಕು, ಬೇಡ, ನಂದು, ಹೋಗು ಎಂಬ ನಾಲ್ಕು ಮಾತು ಕಲಿತ ವಾರವೇ ಮನೆ ತಣ್ಣಗಾಯಿತು. ಕಂಡಕ್ಟರರ ವಿಸಿಲ್ಲಿಗಿಂತ ಅವು ಹೆಚ್ಚು ಕೆಲಸ ಮಾಡಿದವು. ಮಗಳು ಬೀಗದ ಕೈ ಅಜ್ಜಿಗೆ ವಾಪಸು ಕೊಡುವ ತನಕ ಒಂದು ವಾರ ಯಾರಿಗೂ ಬೀರು ತೆಗೆಯಲಾಗಿರಲಿಲ್ಲ, ಅದು ಬೇರೆ ಕಥೆ.

ಈಗ ಅಣ್ಣಯ್ಯನ ಸೊಸೆಗೆ ಶ್ರಾವಣದಲ್ಲಿ ಗಂಡುಮಗುವಾಗಿದೆ. ಅವಳ ತಾಯಿಗೆ ಆರೋಗ್ಯವಿಲ್ಲದ್ದರಿಂದ ಬಾಣಂತನ ಬೆಳ್ಳೂರಿನಲ್ಲೇ. ನಾನು ಹೋದ ದಿನ ಸಂಜೆ ಆರಕ್ಕೆ ಸರಿಯಾಗಿ ಒಳಕೋಣೆಯಿಂದ ಅದೇ ಕೂಗು ಬಂತು. ಹುಡುಗಿ ಎಂಜಿನಿಯರಿಂಗ್ ಓದಿದವಳು. ಫೋನಿನಲ್ಲಿ ಮಗು ಅತ್ತ ಹೊತ್ತು, ಹಾಲು ಕುಡಿದ ಹೊತ್ತು ಎಲ್ಲ ಬರೆದಿಟ್ಟಿದ್ದಾಳೆ. ತೂಕ ಏರುತ್ತಿದೆ, ಜ್ವರವಿಲ್ಲ, ಡಾಕ್ಟರಿಗೆ ತೋರಿಸಿಯೂ ಆಗಿದೆ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಎಲ್ಲಿ ತಂಕ ಅತ್ತೆ ಹಿಂಗೆ?" ಎಂದಳು.

"ಇನ್ನೊಂದೆರಡು ವಾರ ಜಾಸ್ತಿ ಆಗುತ್ತೆ. ಕಾರ್ತಿಕ ಮುಗಿಯೋ ಹೊತ್ತಿಗೆ ಇರಲ್ಲ."

ಜಾಸ್ತಿ ಆಗುತ್ತೆ ಎಂಬ ಮಾತಿಗೆ ಅವಳು ಕುಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನು ತೆಗೆದು ತಾರೀಕು ಗುರುತು ಹಾಕಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಪಕ್ಕದ್ಮನೆ ಅಜ್ಜಿ ಬಜೆ ತೇಯ್ಕೊಡ್ತೀನಿ ಅಂತ ಕಲ್ಲು ತಗೊಂಡು ಜಗಲಿ ಮೇಲೆ ಕೂತವ್ರೆ. ಡಾಕ್ಟರು ಏನೂ ಕೊಡಬೇಡಿ ಅಂದಿದಾರೆ. ಬೇಡ ಅಂತ ಹೇಳ್ಬಿಡಲಾ?" ಎಂದು ಕೇಳಿದಳು.

"ತೇಯಲಿ ಬಿಡು. ಮಗೂನ ಅವರ ಕಾಲ ಮೇಲೆ ಹಾಕು. ತೇಯ್ದದ್ದನ್ನ ಹಣೆಗೆ ಇಡಿಸು, ಬಾಯಿಗೆ ಬೇಡ. ಅಷ್ಟರಲ್ಲಿ ನೀನು ಉಂಡು ಒಂದು ಗಳಿಗೆ ಮಲಗು."

"ಅವ್ರು ದಿನಾ ಎರಡು ಹೊತ್ತು ತೇಯ್ಬೇಕು ಅಂತಾರೆ."

"ಮೂರು ಹೊತ್ತೂ ತೇಯಿಸು" ಎಂದೆ.